ಎಮ್ಮೆಗೆ ಹಾಕಿದ ಹ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸ ಯಾರಿಗೂ ಇಲ್ಲ. ಅಪ್ಪ ಮಳವಳ್ಳಿ ಹತ್ತಿರದ ನಮ್ಮೂರು ಬ್ಲಫ್ಫಿನ ವಿದ್ಯುತ್ ಕೇಂದ್ರದಲ್ಲಿ ಯಂತ್ರಗಳ ಪಕ್ಕ ನಿಂತು ದುಡಿದವನು. ಆ ಸದ್ದಿನಲ್ಲಿ ಪಕ್ಕದವನಿಗೆ ಒಂದು ಮಾತು ಮುಟ್ಟಿಸಬೇಕಾದರೂ ಕೂಗಬೇಕು. ಮನೆಗೆ ಬಂದ ಮೇಲೂ ಅದೇ ದನಿ. ಅವನಿಗೆ ಕೇಳಿಸಲಿ ಎಂದು ಅವ್ವ ಕೂಗುತ್ತಾಳೆ, ಅವರಿಬ್ಬರ ನಡುವೆ ನನ್ನ ಮಾತೂ ನಡೆಯಬೇಕಲ್ಲ ಎಂದು ನಾನೂ ಕೂಗುತ್ತೇನೆ. ಕ್ವಾರ್ಟರ್ಸಿಗೆ ಹೊಸದಾಗಿ ಬಂದವರು ಈ ಮನೆಯಲ್ಲಿ ದಿನಾ ಜಗಳ ಅಂದುಕೊಳ್ಳುತ್ತಿದ್ದರು. ಜಗಳವೂ ಇಲ್ಲ ಗಿಗಳವೂ ಇಲ್ಲ, ಸಾರಿಗೆ ಉಪ್ಪು ಸಾಕಾ ಅಂತ ಕೇಳುತ್ತಿದ್ದೆವು ಅಷ್ಟೆ.

ಇಂಥ ಗಂಟಲಿನವಳು ಬದುಕು ಕಟ್ಟಿಕೊಂಡಿದ್ದು ಮಾತಿನ ಕೆಲಸದಿಂದಲೇ. ನಾನು ಮಂಡ್ಯದಲ್ಲಿ ಸಾಫ್ಟ್‌ವೇರ್ ಇಂಜಿನಿಯರು. "ಮಂಡ್ಯದಲ್ಲಾ? ಅಲ್ಲೆಂಥ ಸಾಫ್ಟ್‌ವೇರು?" ಎಂದು ಮೂಗೆಳೆಯುವವರಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರ ಒಂದೂ ಇಲ್ಲ, ಕೆಟ್ಟ ಉತ್ತರ ಬೇಕಾದಷ್ಟಿವೆ. ಫೋನಿನಲ್ಲಿ ಜನ ಆಡಿದ್ದನ್ನು ಅರ್ಥ ಮಾಡಿಕೊಂಡು ಉತ್ತರ ಕೊಡುವ ಯಂತ್ರಕ್ಕೆ ಕನ್ನಡ ಕಲಿಸುವುದು ನನ್ನ ಕೆಲಸ. ಅದಕ್ಕೆ ಕಲಿಸುವ ಮೊದಲು ನಾನು ಕಲಿತದ್ದು, ಕಲಿತು ಕೆಟ್ಟದ್ದು, ಕೆಟ್ಟ ಮೇಲೆ ಬುದ್ಧಿ ಬಂದದ್ದು, ಇದಿಷ್ಟೇ ನಾನು ಹೇಳಬೇಕೆಂದಿರುವುದು.

ನಮ್ಮ ಕಡೆಯ ನಾಲಿಗೆಗೂ ಹಕಾರಕ್ಕೂ ಆಗಿಬರುವುದಿಲ್ಲ. ಹಳ್ಳಿ ನಮಗೆ ಅಳ್ಳಿ. ಹಾಲು ಆಲು. ಹೆಸರು ಎಸ್ರು. ಹೋಗುತ್ತೇನೆ ಅನ್ನುವುದು ಓಯ್ತೀನಿ. ಮಾತಾಡುವಾಗ ಇದರಿಂದ ಯಾರಿಗೂ ನಷ್ಟವಿಲ್ಲ. ಬರೆಯುವಾಗ ಮಾತ್ರ ಎಲ್ಲಿ ಹ ಇದೆ, ಎಲ್ಲಿ ಇಲ್ಲ ಅನ್ನುವುದನ್ನು ಕಿವಿ ಹೇಳಿಕೊಡುವುದಿಲ್ಲ, ನೆನಪಿಟ್ಟುಕೊಳ್ಳಬೇಕು. ನನಗೆ ಈ ಸಂಗತಿ ಮೊದಲು ಗೊತ್ತಾದದ್ದು ಮಳವಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ.

ಪಿಯುಸಿ ಪರೀಕ್ಷೆ ಮುಗಿದ ರಜೆ. ಮನೆಯಲ್ಲಿ ಕೂತು ಅವ್ವನ ಜೊತೆ ಕಿತ್ತಾಡುವ ಬದಲು ಬೆಳಿಗ್ಗೆಯ ಬಸ್ಸು ಹತ್ತಿ ಮಳವಳ್ಳಿಗೆ ಹೋಗಿ ಅರ್ಜಿ ಟೈಪು ಮಾಡುತ್ತಿದ್ದೆ. ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಪಹಣಿ ತಿದ್ದುಪಡಿ, ಜನ ಬಾಯಲ್ಲಿ ಹೇಳುತ್ತಿದ್ದರು, ನಾನು ಕುಟ್ಟುತ್ತಿದ್ದೆ. ಒಂದು ಬೆಳಿಗ್ಗೆ ಹಲಗೂರನ್ನು ಅಲಗೂರು ಎಂದು ಹೊಡೆದೆ. ಅಂಗಡಿ ಅಣ್ಣ ನಾಲ್ಕು ಜನರ ಮುಂದೆ, "ಓದಿದೋಳು ನೀನು, ಹ ಅಕ್ಸರ ಎಲ್ಲಿ ಮಾರ್ಕೊಂಡ್ ಬಂದೆ?" ಎಂದುಬಿಟ್ಟ. ನನಗೆ ಉರಿದುಹೋಯಿತು. ಇನ್ನು ಮೇಲೆ ಒಂದು ಹಕಾರವನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದು ಕೂತೆ.

ಮಧ್ಯಾಹ್ನ ಒಬ್ಬರು ಅಜ್ಜ ಬಂದು, ಎರಡು ತಿಂಗಳಿಂದ ಸೊಸೈಟಿಯಲ್ಲಿ ಅಕ್ಕಿ ಸಿಕ್ಕಿಲ್ಲ ಎಂದು ಅರ್ಜಿ ಬರೆಸಿದರು. ನಾನು ಜಾಗ್ರತೆಯಾಗಿ ಹೊಡೆದೆ: "ನಮಗೆ ಎರಡು ತಿಂಗಳಿಂದ ಹಕ್ಕಿ ಕೊಟ್ಟಿರುವುದಿಲ್ಲ. ದಯಮಾಡಿ ನಮ್ಮ ಪಾಲಿನ ಹಕ್ಕಿ ಕೊಡಿಸಿಕೊಡಬೇಕು." ಅಂಗಡಿ ಅಣ್ಣ ಓದಿ ನೋಡಿದ. ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದು ಇನ್ನೊಂದು ಸಲ ಓದಿದ.

"ಹಕ್ಕಿ ಬೇಕು ಅಂದ್ರೆ ರಂಗನತಿಟ್ಟಿಗೆ ಅರ್ಜಿ ಆಕ್ಬೇಕು ಕಣವ್ವ, ಫುಡ್ ಆಫೀಸಿಗಲ್ಲ" ಎಂದ. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜನೂ ನಕ್ಕರು, ಪಾಪ, ಯಾಕೆ ಅಂತ ಗೊತ್ತಿಲ್ಲದೆ. ನಾನು ಹೊಸ ಹಾಳೆ ಹಾಕಿ ಸರಿ ಮಾಡಿಕೊಟ್ಟೆ. ಅಂದಿನಿಂದ ಬರವಣಿಗೆಯಲ್ಲಿ ನನ್ನ ತಪ್ಪು ಹಿಡಿಯುವುದು ಕಷ್ಟ, ಅಷ್ಟು ಹುಷಾರಾದೆ. ನಾಲಿಗೆಯ ಕಡೆ ಮಾತ್ರ ಗಮನ ಹೋಗಲಿಲ್ಲ.

ಇಂಜಿನಿಯರಿಂಗಿಗೆ ಮಂಡ್ಯದಲ್ಲಿ ಸೀಟು ಸಿಕ್ಕಿತು. ಬ್ಲಫ್ಫಿನಿಂದ ದಿನಾ ಓಡಾಡಲು ಆಗುವುದಿಲ್ಲವೆಂದು ಮದ್ದೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ರೈಲಿನಲ್ಲಿ ಮಂಡ್ಯ, ಸಂಜೆ ರೈಲಿನಲ್ಲಿ ಮದ್ದೂರು. ಭಾನುವಾರ ಅಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಗೆಜ್ಜಲಗೆರೆಯ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು, ವಾರದಲ್ಲಿ ಸಿಗುವ ಒಂದೇ ರಜೆಯಲ್ಲಿ ಕಲಿಯಲು ಬಂದವರು. ಮೊದಲ ದಿನ ಅವರಲ್ಲೊಬ್ಬಾಕೆ ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಮೇಜಿನ ಮೇಲೆ ಒತ್ತಿ ಒತ್ತಿ ಎಳೆದರು. ನನ್ನ ತಾಳ್ಮೆ ನಿಮಗೆ ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಮುಗಿಯಿತು.

"ಎಷ್ಟು ಸಲ ಹೇಳಬೇಕು ನಿಮಗೆ?" ಎಂದು ರೇಗಿದೆ.

ಆಕೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡು, "ನೀವು ಏಳಿದ್ದು ನಮಗ್ ತಿಳೀಲಿಲ್ಲ ಅಂದ್ರೆ ಅದು ನಮ್ ತಪ್ಪಾ ಮೇಡಂ? ಬ್ಯಾರೆ ತರ ಏಳಿ" ಎಂದರು. ಕೋಪವಿಲ್ಲ, ಏನಿಲ್ಲ, ಕೊಬ್ಬರಿ ಅಂಗಡಿಯವನಿಗೆ ಬೇರೆ ತೋರಿಸು ಅಂದ ಹಾಗೆ. ಬೇರೆ ಥರ ಹೇಳಿದೆ. ಕಲಿತರು. ಆ ಗುಂಪಿನಲ್ಲಿ ಇಬ್ಬರು ಮುಂದೆ ಕಾರ್ಖಾನೆಯ ಆಫೀಸಿನೊಳಗೇ ಕಂಪ್ಯೂಟರ್ ಮುಂದೆ ಕೂತರು. ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ಮೇಡಂ" ಎಂದು ಕೂಗುತ್ತಾರೆ, ನನಗೆ ಆ ದಿನವೆಲ್ಲ ಖುಷಿ.

ಕೊನೆಯ ವರ್ಷ ಕಾಲೇಜಿಗೆ ದೊಡ್ಡ ಕಂಪನಿಯೊಂದು ಕೆಲಸಕ್ಕೆ ಆರಿಸಿಕೊಳ್ಳಲು ಬಂತು. ಬರೆಯುವ ಪರೀಕ್ಷೆಯಲ್ಲಿ ನಾನು ಮೊದಲ ಸಾಲಿನಲ್ಲೇ ಇದ್ದೆ. ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ಮೊದಲ ಮಾತಿಗೇ "ಐ ಆವ್" ಅಂದೆ. ಒಬ್ಬರ ತುಟಿ ಕೊಂಕಿತು. ಅಯ್ಯೋ, ಹ ಬಿಟ್ಟೆನಲ್ಲ ಎಂದು ಗಾಬರಿಯಾಗಿ, ಮುಂದಿನ ಮಾತಿನಲ್ಲಿ ಸರಿಯಾಗಿ ಸೇರಿಸಿ "ಹೆಕ್ಸ್‌ಪೀರಿಯನ್ಸ್" ಅಂದೆ. ಈ ಸಲ ಮೂವರೂ ತಲೆ ತಗ್ಗಿಸಿ ಕಾಗದ ನೋಡಿಕೊಂಡರು. ಅವರ ಭುಜ ಅಲುಗುತ್ತಿತ್ತು. ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಅದಕ್ಕೇ ಬರಲಿಲ್ಲವೋ ಬೇರೆ ಕಾರಣಕ್ಕೋ ದೇವರಿಗೇ ಗೊತ್ತು, ನಾನಂತೂ ಅದಕ್ಕೇ ಎಂದು ತೀರ್ಮಾನಿಸಿಬಿಟ್ಟೆ.

ಮದ್ದೂರಿನ ರೈಲಿನ ಬಾಗಿಲಲ್ಲಿ ನಿಂತು ಅತ್ತೆ. ಆಮೇಲೆ ಅಳು ನಿಲ್ಲಿಸಿ ನಾಲಿಗೆ ತಿದ್ದಲು ಶುರು ಮಾಡಿದೆ. ಕನ್ನಡಿಯ ಮುಂದೆ, ರೈಲಿನಲ್ಲಿ, ಚಿಕ್ಕಮ್ಮನ ಮನೆಯ ಬಚ್ಚಲಿನಲ್ಲಿ, ಎಲ್ಲಿ ನೋಡಿದರೂ ಹ ಹಾ ಹಿ ಹೀ. ಚಿಕ್ಕಮ್ಮ ನನಗೆ ಉಬ್ಬಸ ಬಂದಿದೆ ಎಂದುಕೊಂಡು ಕಷಾಯ ಕಾಯಿಸಿಕೊಟ್ಟಳು. ನಾಲ್ಕೈದು ತಿಂಗಳಲ್ಲಿ ನಾನು ಎಂಥ ಹಕಾರದ ಪೊಲೀಸಾದೆ ಅಂದರೆ, ಗೆಳತಿಯರು ಯಾರಾದರೂ "ಓಗಣ ಬಾ" ಅಂದರೆ "ಹೋಗೋಣ" ಎಂದು ತಿದ್ದಿಯೇ ಕಾಲು ಎತ್ತಿಡುತ್ತಿದ್ದೆ. ಊರಿಗೆ ಹೋದಾಗ ಅವ್ವನನ್ನೂ ತಿದ್ದಿದೆ.

"ಓಗೇ, ನನ್ ಬಾಯಿ ನನ್ದು. ನಿನ್ನ ಎತ್ತಿದ್ದೇ ಈ ಬಾಯಿಂದ ಬೈಕಂಡು" ಎಂದಳು ಅವ್ವ.

ಆ ಕಾಲದಲ್ಲೇ ಮಂಡ್ಯದ ಸಣ್ಣ ಕಂಪನಿಯೊಂದರಲ್ಲಿ ದಿನಕ್ಕೆ ಎರಡು ಗಂಟೆಯ ಕೆಲಸ ಸಿಕ್ಕಿತು. ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಷ್ಟರಲ್ಲಿ ಯೂರಿಯಾ ವಾಸನೆ ಮೂಗಿಗೆ ಮೆತ್ತಿಕೊಳ್ಳುತ್ತಿತ್ತು. ಇದ್ದವರೇ ಏಳೆಂಟು ಜನ. ಯಜಮಾನಿ ಉಡುಪಿ ಕಡೆಯವರು. ಅಚ್ಚುಕಟ್ಟಾದ ಕನ್ನಡ, ಎಲ್ಲರಿಗೂ ನೀವು ತಾವು, ದನಿ ಏರಿಸಿದ್ದನ್ನು ಕಂಡವರಿಲ್ಲ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಅವರು ಆಗ ಖಾಸಗಿ ಪಶುಚಿಕಿತ್ಸೆಯ ಸಂಸ್ಥೆಯೊಂದಕ್ಕೆ ಫೋನ್ ಸೇವೆ ಮಾಡಿಕೊಡುತ್ತಿದ್ದರು. ಹೆಸರು ನೋಂದಾಯಿಸಿಕೊಂಡ ರೈತರು ಫೋನ್ ಮಾಡಿದರೆ ಯಂತ್ರವೇ ಮಾತಾಡಿಸುತ್ತದೆ. ಯಾವ ಪ್ರಾಣಿ, ಏನು ತೊಂದರೆ ಎಂದು ಕೇಳಿ, ಆ ಕಡೆ ಓಡಾಡುವ ಡಾಕ್ಟರಿಗೆ ಸುದ್ದಿ ಮುಟ್ಟಿಸುತ್ತದೆ. ಒಂದು ಒತ್ತಿ, ಎರಡು ಒತ್ತಿ ಎಂಬ ತಾಪತ್ರಯ ಇಲ್ಲ, ಬಾಯಲ್ಲಿ ಹೇಳಿದರೆ ಸಾಕು.

ಆ ಯಂತ್ರಕ್ಕೆ ದನಿ ಬೇಕಿತ್ತು. ನಾನೂ ನನ್ನ ತರಗತಿಯ ಇನ್ನಿಬ್ಬರು ಹುಡುಗಿಯರೂ ಸೇರಿ, ದಪ್ಪ ಪರದೆ ಇಳಿಬಿಟ್ಟ ಚಿಕ್ಕ ಕೋಣೆಯಲ್ಲಿ ಕೂತು ಪಟ್ಟಿಯಲ್ಲಿದ್ದ ಪದಗಳನ್ನೆಲ್ಲ ಮತ್ತೆ ಮತ್ತೆ ಓದಿ ಧ್ವನಿಮುದ್ರಣ ಮಾಡಿದೆವು. ಯಂತ್ರ ಆ ದನಿಗಳನ್ನು ಕೇಳಿ ಪದ ಕಲಿಯುತ್ತದೆ. ಯಾರಾದರೂ ಮಾತಾಡಿದರೆ ಅದಕ್ಕೆ ಹೋಲಿಸಿ ನೋಡುತ್ತದೆ. ಉಳಿದಿಬ್ಬರ ಉಚ್ಚಾರಣೆ ಸರಿಪಡಿಸುವ ಜವಾಬ್ದಾರಿಯೂ ನನ್ನ ಮೇಲೇ ಬಿತ್ತು. ಯಂತ್ರ ಜನರನ್ನು ಪ್ರಶ್ನೆ ಕೇಳುವುದೂ ನನ್ನ ದನಿಯಲ್ಲೇ ಎಂದು ಮೇಡಂ ಹೇಳಿದಾಗ ನಾನು ಮಹಡಿಯಿಂದ ಇಳಿದದ್ದು ಮೆಟ್ಟಿಲ ಮೇಲೋ ಗಾಳಿಯಲ್ಲೋ ಗೊತ್ತಾಗಲಿಲ್ಲ.

ಓದು ಮುಗಿದ ಮೇಲೆ ಅವರು ನನ್ನನ್ನು ಅಲ್ಲೇ ಕೆಲಸಕ್ಕೆ ತೆಗೆದುಕೊಂಡರು, ಆದರೆ ಆರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದರು. ಮನೆಯಲ್ಲಿ ಅವ್ವನೂ ಅಷ್ಟೇ ಗಡುವು ಕೊಟ್ಟಳು. "ಆರ್ ತಿಂಗ್ಳು. ಪರ್ಮನೆಂಟಾಯ್ತೋ ಸರಿ. ಇಲ್ದಿದ್ರೆ ಸುಮ್ಕೆ ಬಂದು ಬಿ.ಎಡ್. ಸೇರ್ಕೋ. ಟೀಚರಾದ್ರೆ ನೆಮ್ಮದಿ." ನೆಮ್ಮದಿ ಯಾರಿಗೆ? ಮೌಸು ಒತ್ತಿದವರ ಮೇಲೇ ರೇಗಿದವಳು ನಾನು. ಐವತ್ತು ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿದರೆ ಮಕ್ಕಳ ಗತಿಯೇನು? ಅದೂ ಅಲ್ಲದೆ ಈ ಕೆಲಸ ನನಗೆ ಹಿಡಿಸಿಬಿಟ್ಟಿತ್ತು. ಯಂತ್ರವೊಂದು ಕನ್ನಡದ ಪದ ಗುರುತು ಹಿಡಿದಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಈ ಕೆಲಸ ಕೈಬಿಟ್ಟು ಹೋಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ಸೇವೆ ಮೊದಲು ಮಳವಳ್ಳಿ ಕಡೆಯ ಕೆಲವು ಊರುಗಳಲ್ಲಿ ಶುರುವಾಯಿತು. ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ನಾನೇ ಮಾತಾಡಿ ನೋಡಿದ್ದೆ, ಹೇಳಿದ್ದೆಲ್ಲ ಅದಕ್ಕೆ ಸಲೀಸಾಗಿ ತಿಳಿದಿತ್ತು. ತಿಳಿಯದೆ ಏನು, ಕಲಿಸಿದವಳೇ ನಾನು! ಊರುಗಳಲ್ಲಿ ಮಾತ್ರ ಕರೆಗಳು ಅರ್ಧಕ್ಕೇ ಕತ್ತರಿಸಿ ಹೋಗತೊಡಗಿದವು. ವಿಚಿತ್ರವೆಂದರೆ ಕುರಿ, ಮೇಕೆ, ಕೋಳಿಯ ಕರೆಗಳೆಲ್ಲ ನೆಟ್ಟಗೆ ಹೋಗುತ್ತಿದ್ದವು. ಹಸುವಿನವು, ಎಮ್ಮೆಯವು ಮಾತ್ರ ಕೆಡುತ್ತಿದ್ದವು.

ಮೇಡಂ ಕರೆದು ಕೇಳಿದರು. ನನ್ನ ಬಳಿ ಉತ್ತರ ತಯಾರಿತ್ತು. "ದನ ಇರುವುದು ಹಿತ್ತಿಲ ಕೊಟ್ಟಿಗೆಯಲ್ಲಿ ಮೇಡಂ. ಅಲ್ಲಿ ಟವರ್ ಸಿಗುವುದಿಲ್ಲ. ಕುರಿ ಕೋಳಿ ಬಯಲಲ್ಲಿರುತ್ತವೆ." ಎಷ್ಟು ಜಾಣೆ ನೋಡಿ! ಅವರು ನಂಬಿದರು. ಒಂದು ತಿಂಗಳಾದರೂ ಸರಿಹೋಗದಿದ್ದಾಗ ಇನ್ನೊಂದು ಕಾರಣ ಹುಡುಕಿದೆ. ಜನ ಸ್ಪಷ್ಟವಾಗಿ ಮಾತಾಡುವುದಿಲ್ಲ ಮೇಡಂ, ಅವರಿಗೆ ಹೇಳಿಕೊಡಬೇಕು ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದನ್ನೇ ಮಾಡಿದೆ.

ಐದನೇ ತಿಂಗಳಲ್ಲಿ ಆ ಸಂಸ್ಥೆಯವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಈ ತಿಂಗಳೊಳಗೆ ಸರಿಹೋಗದಿದ್ದರೆ ನಿಮ್ಮ ಸೇವೆ ಬೇಡ. ಮೇಡಂ ನನ್ನನ್ನು ಕೂರಿಸಿಕೊಂಡು, ಎಂದಿನ ಮೆಲುದನಿಯಲ್ಲೇ, "ಇದು ಹೋದರೆ ನಿಮ್ಮನ್ನು ಇಟ್ಟುಕೊಳ್ಳಲು ನನ್ನಿಂದ ಸಾಧ್ಯ ಆಗ್ಲಿಕ್ಕಿಲ್ಲ. ಒಮ್ಮೆ ಆ ಊರುಗಳಿಗೇ ಹೋಗಿ ನೋಡಿ ಬನ್ನಿ" ಎಂದರು. ಬಿ.ಎಡ್. ಕಾಲೇಜಿನ ಗೇಟು ಕಣ್ಣಿಗೆ ಕಟ್ಟಿತು.

ಮರುದಿನ ಬಸ್ಸಿನಲ್ಲಿ ಮಳವಳ್ಳಿಗೆ ಹೋದೆ. ಅಲ್ಲಿಂದ ಆ ಸಂಸ್ಥೆಯ ಡಾಕ್ಟರಮ್ಮ ತಮ್ಮ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಊರೂರಿಗೆ ಹೊರಟರು. ಒಂದು ಊರಿನಲ್ಲಿ ಅವರು ಹಸುವೊಂದಕ್ಕೆ ಸೂಜಿ ಹಾಕುತ್ತಿದ್ದಾಗ ಪಕ್ಕದ ಮನೆಯ ಹಿತ್ತಿಲಿನಿಂದ ಹೆಂಗಸೊಬ್ಬರು ಕೂಗಾಡುವುದು ಕೇಳಿಸಿತು. ಯಾರ ಜೊತೆಗೋ ಜಗಳ ಎಂದುಕೊಂಡೆ. ಬೇಲಿಯ ಸಂದಿಯಿಂದ ನೋಡಿದರೆ, ಅವ್ವನ ವಯಸ್ಸಿನ ಒಬ್ಬಾಕೆ ಫೋನನ್ನು ಬಾಯಿಯ ಮುಂದೆ ಹಿಡಿದು ನಿಂತಿದ್ದಾರೆ. ಫೋನಿನ ಸ್ಪೀಕರ್ ಹಾಕಿತ್ತು. ಹಿಂದೆ ಅವರ ಎಮ್ಮೆ, ಪಕ್ಕದಲ್ಲಿ ಎಳೆಗರು.

"ಎಮ್ಮೆ!" ಎಂದರು ಆಕೆ.

"ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ" ಎಂದಿತು ಫೋನು. ನನ್ನದೇ ದನಿ.

"ಎಮ್ಮೆ ಕಣೇ, ಎಮ್ಮೆ! ಕರ್‍ರಗದೆ, ಕೊಂಬದೆ, ಆಲು ಕೊಡ್ತದೆ, ಎಮ್ಮೆ! ಕರ ಆಕಿ ಒಂದ್ ದಿನ ಆಯ್ತು, ಕಸ ಬಿದ್ದಿಲ್ಲ. ಯಾವಳೇ ನೀನು, ಕಿವೀಲಿ ಅತ್ತಿ ಮಡಿಕ್ಕಂಡಿದ್ದೀಯಾ?"

ಫೋನು ವಿನಯದಿಂದ ಉತ್ತರಿಸಿತು. "ಹಸುವಾದರೆ, ಹಸು ಎಂದು ಹೇಳಿ. ಹೆಮ್ಮೆಯಾದರೆ, ಹೆಮ್ಮೆ ಎಂದು ಹೇಳಿ."

ನಾನು ಬೇಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಈ ವಾಕ್ಯವನ್ನು ಆಫೀಸಿನಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಒಮ್ಮೆಯೂ ನನ್ನ ಕಿವಿಗೆ ತಪ್ಪು ಕೇಳಿಸಿರಲಿಲ್ಲ. ಪಟ್ಟಿಯಲ್ಲಿ ಎಮ್ಮೆ ಎಂದೇ ಬರೆದಿತ್ತು. ಓದಿದವಳು ನಾನು. ಎದುರಿಗೆ ಎಮ್ಮೆ ನಿಂತು ಕಿವಿ ಆಡಿಸುತ್ತಿರುವಾಗ ಆ ಹಕಾರ ಮೊದಲ ಸಲ ಕೇಳಿಸಿತು. ಧ್ವನಿಮುದ್ರಣದ ದಿನ ಜೊತೆಯ ಹುಡುಗಿಯೊಬ್ಬಳು "ಇದು ಎಮ್ಮೆ ಅಲ್ವೇನೇ?" ಎಂದು ಕೇಳಿದ್ದು, ನಾನು "ಹ ಬಿಡಬೇಡ, ಬೈತಾರೆ" ಎಂದು ಗದರಿ ಅವಳ ಬಾಯಲ್ಲೂ ಹೆಮ್ಮೆ ಅನ್ನಿಸಿದ್ದು ಆಗ ನೆನಪಾಯಿತು. ಮೂವರ ದನಿಯಲ್ಲೂ ಅದೇ. ಯಂತ್ರಕ್ಕೆ ಎಮ್ಮೆ ಅಂದರೆ ಏನೆಂದೇ ಗೊತ್ತಿರಲಿಲ್ಲ. ಇನ್ನು ಹಸು? ಅಲ್ಲಿಯ ಜನ ಅಸು ಅನ್ನುತ್ತಾರೆ. ನಾನೂ ಹುಟ್ಟಿದಾಗಿನಿಂದ ಅಸು ಅಂದವಳೇ. ಅದನ್ನು ಪಟ್ಟಿಗೆ ಸೇರಿಸಲು ನನಗೆ ನಾಚಿಕೆಯಾಗಿತ್ತು.

ಡಾಕ್ಟರಮ್ಮ ಕೂಗು ಕೇಳಿ ಬೇಲಿ ದಾಟಿ ಬಂದು ಎಮ್ಮೆಯನ್ನು ನೋಡಿದರು. ಅವರು ಕೈಗವಸು ಹಾಕಿಕೊಂಡು, ಬೀಳದೆ ಒಳಗೇ ಉಳಿದಿದ್ದ ಕಸ, ಅಂದರೆ ಮಾಸು, ತೆಗೆಯಲು ಶುರು ಮಾಡಿದ ಮೇಲೆ ಆಕೆಗೆ ಸಮಾಧಾನವಾಯಿತು. ನಾನು ಬಕೆಟ್ಟಿನಲ್ಲಿ ಬಿಸಿನೀರು ಹಿಡಿದು ನಿಂತಿದ್ದೆ. "ನೀರು ಇಲ್ಲಿಡಲಾ ಅಮ್ಮ?" ಎಂದೆ.

ಆಕೆ ತಟಕ್ಕನೆ ನನ್ನ ಕಡೆ ತಿರುಗಿದರು. "ಇನ್ನೊಂದ್ ಕಿತ ಮಾತಾಡು."

"ಏನು ಮಾತಾಡಲಿ?"

"ನೀನೇಯಾ ಕಣೇ ಅವ್ಳು! ಪೋನ್‌ನಾಗಿರೋಳು!"

ಸುಳ್ಳು ಹೇಳೋಣ ಅನಿಸಿತು. ಬಾಯಿ ಬರಲಿಲ್ಲ. ಹೌದು ಅಂದೆ.

"ಯಾವೂರೇ ನಿಂದು? ಬೆಂಗ್ಳೂರಾ?"

"ಬ್ಲಫ್ಫು."

"ಬ್ಲಫ್ಫಾ?" ಆಕೆ ಸೊಂಟದ ಮೇಲೆ ಕೈಯಿಟ್ಟರು. "ಇಲ್ಲೇ ಅದೆ ಬ್ಲಫ್ಫು! ನಾಕ್ ಅಕ್ಸರ ಕಲ್ತೆ ಅಂತ ಎಮ್ಮೆಗೆ ಹೆಮ್ಮೆ ಅಂತೀಯಾ? ನಿಮ್ಮವ್ವ ಏನಂತಾಳೆ, ಎಮ್ಮೆ ಅನ್ನಾಕಿಲ್ವಾ? ಥೂ ನಿನ್ನ! ನಾನು ಬೆಳಗಿಂದ ನನ್ ನಾಲಿಗೇಗೇ ಏನೋ ಆಗದೆ ಅನ್ಕಂಡಿದ್ದೆ ಕಣೇ."

ಕೊನೆಯ ಮಾತು ನನಗೆ ಚುಚ್ಚಿತು. ಆ ಸಂದರ್ಶನದ ಕೋಣೆಯಿಂದ ಹೊರಗೆ ಬಂದಾಗ ನಾನು ಅಂದುಕೊಂಡಿದ್ದೂ ಅದನ್ನೇ. ಈಗ ಅದನ್ನೇ ಇವರಿಗೆ ಮಾಡಿದ್ದೆ. ತಪ್ಪಾಯಿತು ಎಂದೆ. ಎಮ್ಮೆ ಹಗುರಾಗಿ, ಕರು ಕೆಚ್ಚಲಿಗೆ ಬಾಯಿ ಹಾಕಿದ ಮೇಲೆ ಆಕೆ ನನಗೂ ಡಾಕ್ಟರಮ್ಮನಿಗೂ ಕಾಫಿ ಕೊಟ್ಟರು. ನನ್ನ ಲೋಟಕ್ಕೆ ಒಂದು ಚಮಚ ಬೆಲ್ಲ ಜಾಸ್ತಿಯೇ ಹಾಕಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ನನ್ನೊಳಗೆ ಒಂದು ಕಳ್ಳಬುದ್ಧಿ ಎದ್ದಿತು. ಯಾರಿಗೂ ಹೇಳದೆ ಪದಗಳನ್ನು ಸರಿ ಮಾಡಿಬಿಡಬಹುದಿತ್ತು. ಟವರ್ ಸರಿಹೋಯಿತು ಮೇಡಂ ಎಂದರೆ ಮುಗಿಯಿತು. ಕೆಲಸ ಕಾಯಂ ಆಗುತ್ತಿತ್ತು. ಇನ್ನೊಂದು ದಾರಿಯೆಂದರೆ, ನಾಲ್ಕು ತಿಂಗಳು ನಾನು ಹೇಳಿದ್ದೆಲ್ಲ ಬೊಗಳೆ, ತಪ್ಪು ನನ್ನ ಬಾಯಲ್ಲೇ ಇತ್ತು ಎಂದು ಒಪ್ಪಿಕೊಳ್ಳುವುದು. ಹಾಗೆ ಒಪ್ಪಿಕೊಂಡವಳನ್ನು ಯಾರು ಕಾಯಂ ಮಾಡುತ್ತಾರೆ? ಮದ್ದೂರು ದಾಟುವವರೆಗೂ ಮೊದಲನೆಯ ದಾರಿಯೇ ಸರಿ ಅನಿಸಿತ್ತು. ಆದರೆ ಆ ಹೆಂಗಸು ತಮ್ಮ ನಾಲಿಗೆಯನ್ನೇ ಅನುಮಾನಿಸಿದ ಮಾತು ಬಿಡಲಿಲ್ಲ. ಇನ್ನೂ ಎಷ್ಟು ಹಿತ್ತಿಲುಗಳಲ್ಲಿ ಎಷ್ಟು ಜನ ಹಾಗೆ ಅಂದುಕೊಂಡಿರಬಹುದು? ಮಂಡ್ಯದಲ್ಲಿ ಇಳಿದವಳೇ ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿ, ಚಪ್ಪಲಿ ಬಿಡುವುದನ್ನೂ ಮರೆತು ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಟವರಿನ ಕತೆ ಕಟ್ಟಿದ್ದನ್ನೂ ಹೇಳಿದೆ. ಕೊನೆಗೆ ಅಳು ಬಂತು, ಅದನ್ನೂ ತಡೆಯಲಿಲ್ಲ.

ಮೇಡಂ ಮುಖ ಕೆಂಪಗಾಯಿತು. ಬೈಯುತ್ತಾರೆ ಎಂದುಕೊಂಡೆ.

"ಎಂಥ ಮಾರಾಯ್ತಿ ನೀವು!" ಎಂದರು. "ಆ ಧ್ವನಿಮುದ್ರಣ ಎಲ್ಲ ನಾನೂ ಕೇಳಿದ್ದೇನೆ. ಮಂಡ್ಯ ಕಡೆ ಎಮ್ಮೆಗೆ ಹೆಮ್ಮೆ ಅಂತಲೇ ಹೇಳ್ತಾರೆ, ಇದು ಇಲ್ಲಿಯ ಭಾಷೆ ಅಂತ ಗ್ರಹಿಸಿದ್ದೆ. ನಿಮಗೆ ಬೇಸರ ಆಗಬಾರದು ಅಂತ ಕೇಳಲಿಲ್ಲ."

ನಾನು ಮೂಗು ಒರೆಸಿಕೊಂಡೆ.

"ಅಷ್ಟೇ ಅಲ್ಲ" ಎಂದು ಅವರು ದನಿ ಇನ್ನೂ ತಗ್ಗಿಸಿದರು. "ಹೋದ ತಿಂಗಳು ಅವರ ಮೀಟಿಂಗಿನಲ್ಲಿ ನಾನೂ ಹೆಮ್ಮೆ, ಹೆಮ್ಮೆ ಅಂತಲೇ ಮಾತಾಡಿ ಬಂದಿದ್ದೇನೆ. ಹೆಮ್ಮೆಗಳ ಆರೋಗ್ಯ ನಮ್ಮ ಗುರಿ ಅಂತ. ಊರಿನವರ ಹಾಗೆ ಮಾತಾಡಿದರೆ ಅವರಿಗೆ ಖುಷಿ ಆಗ್ತದೆ ಅಂತ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಅವರೂ ಹೇಳಲಿಲ್ಲ. ನಾಳೆಯಿಂದಲೇ ಮತ್ತೆ ಧ್ವನಿಮುದ್ರಣ, ಈ ಸಲ ನಿಮ್ಮ ಮನೆಯಲ್ಲಿ ಹೇಗೆ ಮಾತಾಡ್ತೀರೋ ಹಾಗೆ, ಎಂದಷ್ಟೇ ಹೇಳಿದರು.

ಮನೆಯ ಹಾಗೆ ಮಾತಾಡುವುದು ಏನು ಮಹಾ ಎಂದುಕೊಂಡು ಕೋಣೆಯೊಳಗೆ ಕೂತರೆ, ಬಾಯಿಂದ ಹೊರಡಲೇ ಇಲ್ಲ! ಅಸು ಅನ್ನಲು ಹೋದರೆ ಹಸು. ಮತ್ತೆ ಹಸು. ಎಮ್ಮೆ ಅನ್ನುವಾಗ ನಾಲಿಗೆ ಮೊದಲೇ ಉಸಿರು ತುಂಬಿಕೊಂಡು ಕಾಯುತ್ತಿತ್ತು. ಮೈಕಿನ ಮುಂದೆ, ಆಫೀಸಿನಲ್ಲಿ, ಮನೆಯ ಮಾತಾಡಲು ನನಗೆ ಅಂಜಿಕೆ. ಮೇಡಂ ಗಾಜಿನ ಆಚೆಯಿಂದ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೈಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಕೆಳಗೆ ಗೊಬ್ಬರದ ಲಾರಿ ಬಂದು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಎರಡು ಸಲ ತಡೆದುಕೊಂಡೆ. ಮೂರನೇ ಸಲಕ್ಕೆ ಪರದೆ ಸರಿಸಿ ಕಿಟಕಿ ತೆಗೆದು ನಮ್ಮ ಕ್ವಾರ್ಟರ್ಸಿನ ದನಿಯಲ್ಲಿ ಕೂಗಿದೆ.

"ಅಣ್ಣೋ! ಆರನ್ ನಿಲ್ಸಣ್ಣ ಸಾಕು! ಆಳಾಗೋಗ್ಲಿ, ಇಲ್ಲಿ ಜನ ಕೆಲ್ಸ ಮಾಡ್ಬೇಕೋ ಬ್ಯಾಡ್ವೋ!"

ಹಾರ್ನ್ ನಿಂತಿತು. ತಿರುಗಿ ನೋಡಿದರೆ ಮೇಡಂ ಎದ್ದು ನಿಂತು ಎರಡೂ ಕೈ ಎತ್ತಿದ್ದರು. "ಅದೇ! ಅದೇ ಬೇಕು! ಕೂತ್ಕೊಳ್ಳಬೇಡಿ, ನಿಂತೇ ಹೇಳಿ!"

ಸಿಟ್ಟಿನ ಬಿಸಿಯಲ್ಲೇ ಹೇಳಿದೆ. ಅಸು. ಎಮ್ಮೆ. ಆಲು ಕಮ್ಮಿಯಾಗದೆ. ಒಟ್ಟೆ ಉಬ್ರ. ಒಂದೊಂದೇ ಬಂದವು. ವರ್ಷದ ಮೇಲೆ ಬಿಗಿ ಜಡೆ ಬಿಚ್ಚಿದಷ್ಟು ಹಾಯೆನಿಸಿತು. ಆಮೇಲೆ ಮಳವಳ್ಳಿಗೂ ಹೋಗಿ ಆ ಎಮ್ಮೆಯ ಯಜಮಾನಿಯಿಂದ ಹಿಡಿದು ಹತ್ತಾರು ಜನರ ದನಿ ತಂದೆ. ಹಸು ಅಂದರೂ ಸರಿ, ಅಸು ಅಂದರೂ ಸರಿ, ಎರಡೂ ಒಂದೇ ಎಂದು ಯಂತ್ರಕ್ಕೆ ಕಲಿಸಿದೆವು. ಯಾರಾದರೂ ನನ್ನ ಹಾಗೆ ಓದಿ ಕೆಟ್ಟವರು ಫೋನ್ ಮಾಡಿದರೆ ಇರಲಿ ಎಂದು ಹೆಮ್ಮೆಯನ್ನೂ ಉಳಿಸಿಕೊಂಡೆವು. ಎರಡು ವಾರ ಕಳೆದ ಮೇಲೆ ಕರೆಗಳು ಕತ್ತರಿಸುವುದು ನಿಂತಿತು. ಆ ಸಂಸ್ಥೆಯವರು ಇನ್ನೂ ಕೆಲವು ಊರು ಸೇರಿಸಿ ಎಂದರು.

ಆರನೇ ತಿಂಗಳ ಕೊನೆಯ ಶನಿವಾರ ಮೇಡಂ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು, "ತಪ್ಪು ಮಾಡಿದ್ದಕ್ಕೆ ಅಲ್ಲ, ಬಂದು ಹೇಳಿದ್ದಕ್ಕೆ" ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು. ತೆಗೆದು ನೋಡಿದೆ. ಕಾಯಂ ಪತ್ರ. ಸಂತೋಷವೋ ಸಂಕಟವೋ, ಆ ಕಾಗದವನ್ನು ಎದೆಗೊತ್ತಿಕೊಂಡು ಬೀಜದ ಮೂಟೆಗಳ ಮಧ್ಯೆ ಸ್ವಲ್ಪ ಹೊತ್ತು ನಿಂತೆ.

ಮರುದಿನ ಬ್ಲಫ್ಫಿಗೆ ಹೋದೆ. ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ, ಒಟ್ಟಿಗೆ ಪಾಳಿಯಲ್ಲಿ ದುಡಿದ ಗೆಳೆಯನ ಜೊತೆ ಕೂತಿದ್ದ. ಪತ್ರ ಕೊಟ್ಟೆ. ಕನ್ನಡಕ ಇರಲಿಲ್ಲ, ಕಾಗದವನ್ನು ದೂರ ಹಿಡಿದು ನೋಡಿದ.

"ಪರ್ಮನೆಂಟಾ?"

"ಊ ಕಣಪ್ಪ."

"ಇಲ್ಲೇಯಾ? ಮಂಡ್ಯದಲ್ಲೇಯಾ?"

"ಇಲ್ಲೇ."

ಒಳಗಿನಿಂದ ಅವ್ವ "ಬಿ.ಎಡ್.ಗೆ ಅರ್ಜಿ ತರ್ಸಿದ್ದೆ, ಅದೇನ್ ಮಾಡ್ಲಿ?" ಎಂದು ಕೂಗಿದಳು. ಅಪ್ಪ ನನ್ನನ್ನು ಎದುರಿಗೆ ಹೊಗಳಿದವನಲ್ಲ. ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದಾಗಲೂ "ಊಂ" ಅಂದು ಪಾಳಿಗೆ ಹೋಗಿದ್ದ. ಈಗ ಗೆಳೆಯನ ಕಡೆ ತಿರುಗಿ, ಕಾಗದವನ್ನು ಅವನ ಮುಖದ ಹತ್ತಿರಕ್ಕೆ ಹಿಡಿದು ಹೇಳಿದ.

"ನೋಡ್ಲಾ. ನನ್ ಮಗಳ್ದು. ನಂಗೆ ಬಾಳ ಎಮ್ಮೆ ಕಣ್ಲಾ."

ಗೆಳೆಯ ಸುಮ್ಮನಿರುವ ಆಸಾಮಿಯಲ್ಲ. "ಎಮ್ಮೆಯಾ? ಯಾವಾಗ್ ಕಟ್ಟಿದ್ಯಲಾ? ಎಷ್ಟ್ ಲೀಟ್ರು ಕರೀತದೆ?"

"ಕರಿಯಾಕಿಲ್ಲ ಬುಡ್ಲಾ" ಎಂದು ಅಪ್ಪ ನಕ್ಕ. ಕಾಗದವನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡ. "ಈ ಎಮ್ಮೆ ಬ್ಯಾರೆ ಕಣ್ಲಾ."

ನಾನು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಅವನ ಕಿವಿಗೆ ಬಾಯಿಟ್ಟು ಹೇಳಿದೆ. "ನಂಗೂ ಎಮ್ಮೆ ಕಣಪ್ಪ."